48 ಎಂಬ ಎಣಿಕೆ

ಕನ್ನಡದ ‘ಎಣಿಸು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಲೆಕ್ಕ ಹಾಕುವುದು. ಇನ್ನೊಂದು, ಹೀಗಿರಬಹುದೆಂದು ಭಾವಿಸುವುದು. ಕರಾವಳಿಯ ಕಡೆಯವರ ಬಾಯಲ್ಲಿ ‘ಹೀಗಾದೀತೆಂದು ಎಣಿಸಿರಲಿಲ್ಲ’ ಎಂಬ ಮಾತನ್ನು ನಾವು ಈಗಲೂ ಕೇಳುತ್ತೇವೆ. ಲೆಕ್ಕ ಮತ್ತು ಊಹೆ ಎಂಬ ಎರಡು ಬೇರೆ ಬೇರೆ ಕೆಲಸಗಳು ಒಂದೇ ಕ್ರಿಯಾಪದದಲ್ಲಿ ಸೇರಿಕೊಂಡಿರುವುದು ಭಾಷೆಯ ಆಕಸ್ಮಿಕವಿರಬಹುದು. ಆದರೆ ಮನುಷ್ಯನ ವರ್ಣತಂತುಗಳನ್ನು ಎಣಿಸಲು ಹೊರಟವರ ಇತಿಹಾಸವನ್ನು ಓದಿದಾಗ, ಈ ಆಕಸ್ಮಿಕದೊಳಗೆ ಒಂದು ತಿಳಿವಳಿಕೆಯೂ ಅಡಗಿದೆ ಎನ್ನಿಸುತ್ತದೆ. ಮೂರು ದಶಕಗಳಿಗೂ ಹೆಚ್ಚು ಕಾಲ ಜಗತ್ತಿನ ಪ್ರಯೋಗಾಲಯಗಳಲ್ಲಿ ನುರಿತ ಕಣ್ಣುಗಳು ಸೂಕ್ಷ್ಮದರ್ಶಕದಲ್ಲಿ ಆ ತಂತುಗಳನ್ನು ಎಣಿಸಿ 48 ಎಂದು ಬರೆದವು. ಇದ್ದದ್ದು 46.

ಸೂಕ್ಷ್ಮದರ್ಶಕದ ಚಿತ್ರವನ್ನು ವಿಶ್ಲೇಷಿಸುವುದು ಎಂದರೆ ಇಂದು ಕಂಪ್ಯೂಟರ್, ತಂತ್ರಾಂಶ, ಕೃತಕ ಬುದ್ಧಿಮತ್ತೆ ಇವೆಲ್ಲ ನಮ್ಮ ಮನಸ್ಸಿಗೆ ಬರುತ್ತವೆ. ಅದರ ಅತ್ಯಂತ ಸರಳ ರೂಪವಾದರೋ ಎಣಿಕೆಯೇ. ಕಣ್ಣ ಮುಂದಿರುವ ಚಿತ್ರದಲ್ಲಿ ಎಷ್ಟು ವಸ್ತುಗಳಿವೆ ಎಂದು ಹೇಳುವುದು ಮಕ್ಕಳೂ ಮಾಡುವ ಕೆಲಸ. ಅಷ್ಟು ಸರಳವಾದ ಕೆಲಸದಲ್ಲಿ ಅಷ್ಟು ದೀರ್ಘಕಾಲ ತಪ್ಪು ಹೇಗೆ ನಿಂತಿತು ಎಂಬುದೇ ಈ ಪ್ರಬಂಧದ ವಿಷಯ.

ಮೊದಲು ಆ ಚಿತ್ರದ ಸ್ವರೂಪವನ್ನು ತಿಳಿಯೋಣ. ಜೀವಕೋಶ ತನ್ನಷ್ಟಕ್ಕೆ ಇರುವಾಗ ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಬಿಚ್ಚಿದ ನೂಲಿನಂತೆ ಕೋಶಕೇಂದ್ರದಲ್ಲೆಲ್ಲ ಹರಡಿಕೊಂಡಿರುತ್ತವೆ. ಕೋಶ ಎರಡಾಗಲು ಅಣಿಯಾಗುವಾಗ ಮಾತ್ರ ಅವು ಸುತ್ತಿಕೊಂಡು, ದಪ್ಪವಾಗಿ, ಗಿಡ್ಡ ಕಡ್ಡಿಗಳಂತೆ ತೋರುತ್ತವೆ. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಸಾಲಮಾಂಡರ್ ಎಂಬ ಉಭಯವಾಸಿಯ ಕೋಶಗಳಿಗೆ ಬಣ್ಣ ಹಾಕಿ, ಈ ನಾಟಕವನ್ನು ಹಂತಹಂತವಾಗಿ ಚಿತ್ರಿಸಿ, 1882ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಬಣ್ಣವನ್ನು ಹೀರಿಕೊಳ್ಳುವ ಕಾಯ ಎಂಬ ಅರ್ಥದ ‘ಕ್ರೋಮೋಸೋಮ್’ ಎಂಬ ಹೆಸರನ್ನು 1888ರಲ್ಲಿ ವಾಲ್ಡೆಯರ್ ಕೊಟ್ಟರು. ನಮ್ಮ ಪಠ್ಯಪುಸ್ತಕಗಳ ‘ವರ್ಣತಂತು’ ಆ ಹೆಸರಿನ ನೆನಪನ್ನೇ ಉಳಿಸಿಕೊಂಡಿದೆ.

ಸಾಲಮಾಂಡರಿನ ವರ್ಣತಂತುಗಳು ದೊಡ್ಡವು, ಕಡಿಮೆ ಸಂಖ್ಯೆಯವು. ಮನುಷ್ಯನವು ಚಿಕ್ಕವು, ಹೆಚ್ಚು, ಒತ್ತೊತ್ತಾಗಿ ಇರುವಂಥವು. ಅಂದಿನ ಪದ್ಧತಿಯಲ್ಲಿ ಅಂಗಾಂಶವನ್ನು ಮೇಣದಲ್ಲಿ ಕೂರಿಸಿ, ತೆಳುವಾದ ಹಾಳೆಗಳಂತೆ ಕತ್ತರಿಸಿ, ಬಣ್ಣ ಹಾಕಿ ನೋಡುತ್ತಿದ್ದರು. ಕತ್ತರಿಸುವ ಅಲಗು ಕೋಶದ ನಡುವೆಯೇ ಹಾದುಹೋದರೆ ಕೆಲವು ತಂತುಗಳು ಒಂದು ಹಾಳೆಯಲ್ಲಿ, ಉಳಿದವು ಇನ್ನೊಂದರಲ್ಲಿ. ಅಲಗಿನಿಂದ ತಪ್ಪಿಸಿಕೊಂಡ ಕೋಶದಲ್ಲೂ ತಂತುಗಳು ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಒಂದರ ಮೇಲೊಂದು ಬಿದ್ದ ಎರಡು ತಂತುಗಳು ಒಂದೇ ಎಂಬಂತೆ ಕಂಡಾವು. ಪ್ರತಿ ತಂತುವಿನಲ್ಲೂ ಸೊಂಟದಂತಹ ಒಂದು ಕಿರಿದಾದ ಭಾಗವಿರುವುದರಿಂದ, ಅಲ್ಲಿ ಬಾಗಿದ ಒಂದೇ ತಂತು ಎರಡರಂತೆಯೂ ಕಂಡೀತು. ಹೀಗಾಗಿ ಪ್ರತಿಯೊಂದು ಎಣಿಕೆಯಲ್ಲೂ ಹತ್ತಾರು ಸಣ್ಣ ಸಣ್ಣ ತೀರ್ಪುಗಳು ಸೇರಿರುತ್ತಿದ್ದವು: ಇದು ಒಂದೋ, ಎರಡೋ? ಕ್ಯಾಮೆರಾ ಲೂಸಿಡಾ ಎಂಬ ಸಾಧನದ ಮೂಲಕ ಬಿಂಬವನ್ನು ಕಾಗದದ ಮೇಲೆ ಬೀಳಿಸಿಕೊಂಡು ಪೆನ್ಸಿಲಿನಿಂದ ಗೆರೆ ಎಳೆಯುವಾಗ ಈ ತೀರ್ಪುಗಳೆಲ್ಲ ಚಿತ್ರದೊಳಗೆ ಕರಗಿಹೋಗುತ್ತಿದ್ದವು. ಮುದ್ರಿತ ಚಿತ್ರದಲ್ಲಿ ಓದುಗನಿಗೆ ಕಾಣುತ್ತಿದ್ದುದು ಸ್ಪಷ್ಟವಾದ ಕಡ್ಡಿಗಳು ಮಾತ್ರ. ಅವುಗಳ ಹಿಂದಿನ ಸಂದೇಹಗಳು ಕಾಣುತ್ತಿರಲಿಲ್ಲ.

ಆರಂಭದ ಎಣಿಕೆಗಳು ಚೆಲ್ಲಾಪಿಲ್ಲಿಯಾಗಿದ್ದವು. 1891ರಲ್ಲಿ ಹಾನ್ಸ್‌ಮಾನ್ ಎಂಬ ವೈದ್ಯರಿಗೆ ಒಂದು ಕೋಶದಲ್ಲಿ 18, ಮತ್ತೊಂದರಲ್ಲಿ 24, ಮಗದೊಂದರಲ್ಲಿ 40ಕ್ಕೂ ಹೆಚ್ಚು ಕಂಡವು. 1898ರಲ್ಲಿ ಫ್ಲೆಮಿಂಗ್ ಮನುಷ್ಯನ ಕಣ್ಣಿನ ಕೋಶಗಳನ್ನು ನೋಡಿ ಸುಮಾರು 24 ಎಂದರು. 1912ರಲ್ಲಿ ಬೆಲ್ಜಿಯಂನ ವಿನಿವಾರ್ಟರ್ ಪುರುಷರಲ್ಲಿ 47, ಸ್ತ್ರೀಯರಲ್ಲಿ 48 ಎಂದು ಪ್ರಕಟಿಸಿದರು. ಈ ಗೊಂದಲದ ನಡುವೆ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಥಿಯೋಫಿಲಸ್ ಪೇಂಟರ್ ಬಂದರು.

ಪೇಂಟರ್ ಬಳಿ ಇತರರಿಗೆ ಸುಲಭವಾಗಿ ದೊರೆಯದ ಸಾಮಗ್ರಿಯಿತ್ತು. ಟೆಕ್ಸಾಸಿನ ಮಾನಸಿಕ ಆಸ್ಪತ್ರೆಯಲ್ಲಿ ‘ಚಿಕಿತ್ಸೆ’ಯ ಹೆಸರಿನಲ್ಲಿ ಬೀಜ ತೆಗೆಸಿಕೊಂಡ ಮೂವರು ಪುರುಷರ ವೃಷಣದ ಅಂಗಾಂಶ ಅದು. ಅವರಲ್ಲಿ ಇಬ್ಬರು ಕಪ್ಪು ಜನಾಂಗದವರು. ಅಂಗಾಂಶವನ್ನು ತೆಗೆದ ಕೂಡಲೇ ದ್ರಾವಣಕ್ಕೆ ಹಾಕಿದ್ದರಿಂದ ಕೋಶಗಳು ಕೆಟ್ಟಿರಲಿಲ್ಲ. ವಿಜ್ಞಾನದ ದೃಷ್ಟಿಯಿಂದ ಅದು ಉತ್ತಮ ಮಾದರಿ. ಆ ಮೂವರ ಒಪ್ಪಿಗೆಗೆ ಅಂದು ಬೆಲೆಯಿರಲಿಲ್ಲ. ಜೀವವಿಜ್ಞಾನದ ಒಂದು ಪ್ರಸಿದ್ಧ ಸಂಖ್ಯೆಯ ಬುಡದಲ್ಲಿ ಹೆಸರಿಲ್ಲದ ಮೂರು ದೇಹಗಳಿವೆ ಎಂಬುದನ್ನು ನಾವು ಮರೆಯಬಾರದು.

1921ರ ತಮ್ಮ ಪ್ರಾಥಮಿಕ ವರದಿಯಲ್ಲಿ ಪೇಂಟರ್ ಪ್ರಾಮಾಣಿಕವಾಗಿ ಬರೆದರು: ಎಣಿಕೆಗಳು 45ರಿಂದ 48ರವರೆಗೆ ಬರುತ್ತಿವೆ, ಆದರೆ ಅತ್ಯಂತ ಸ್ಪಷ್ಟವಾದ ಕೋಶಗಳಲ್ಲಿ ಕಂಡದ್ದು 46. ಎರಡು ವರ್ಷಗಳ ನಂತರ, 1923ರ ವಿಸ್ತೃತ ಲೇಖನದಲ್ಲಿ, ಅವರು 48 ಎಂದು ತೀರ್ಮಾನಿಸಿದರು. ಸರಿಯಾದ ಉತ್ತರ ಅವರ ಕೈಯಲ್ಲೇ ಇತ್ತು; ಅವರ ಅತ್ಯುತ್ತಮ ಚಿತ್ರಗಳು ಅದನ್ನೇ ಹೇಳಿದ್ದವು. ಆದರೂ ಅವರು ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದರು. ವಿನಿವಾರ್ಟರ್ ಅವರ 48 ಆಗಲೇ ಮುದ್ರಣದಲ್ಲಿತ್ತು ಎಂಬುದನ್ನು ಇಲ್ಲಿ ನೆನೆಯುವುದು ಸಹಜ.

ಪೇಂಟರ್ ಅಜಾಗರೂಕರಾಗಿದ್ದರು ಎಂದು ಹೇಳಿ ಈ ಕಥೆಯನ್ನು ಮುಗಿಸುವಂತಿಲ್ಲ. ಮನುಷ್ಯನಲ್ಲಿ ವೈ ವರ್ಣತಂತುವನ್ನು ಗುರುತಿಸಿದ ಹಿರಿಮೆ ಅವರದು. 1933ರಲ್ಲಿ ಹಣ್ಣುನೊಣದ ಲಾಲಾಗ್ರಂಥಿಯ ದೈತ್ಯ ವರ್ಣತಂತುಗಳ ಪಟ್ಟೆಗಳನ್ನು ಓದಿ ತಳಿವಿಜ್ಞಾನಕ್ಕೆ ಹೊಸ ದಾರಿ ತೋರಿಸಿದವರೂ ಅವರೇ. ಮುಂದೆ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಕಪ್ಪು ವಿದ್ಯಾರ್ಥಿಯೊಬ್ಬರಿಗೆ ಕಾನೂನು ಕಾಲೇಜಿನ ಪ್ರವೇಶವನ್ನು ನಿರಾಕರಿಸಿದ ಮೊಕದ್ದಮೆಯಲ್ಲಿ ಅವರು ಪ್ರತಿವಾದಿ. 1950ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ವಿದ್ಯಾರ್ಥಿಯ ಪರವಾಗಿ ಕೊಟ್ಟ ತೀರ್ಪು ‘ಸ್ವೆಟ್ ವಿರುದ್ಧ ಪೇಂಟರ್’ ಎಂದೇ ಹೆಸರಾಯಿತು. ತೀಕ್ಷ್ಣವಾದ ಕಣ್ಣಿಗೂ ತನ್ನ ಕಾಲದ ಪೊರೆ ಇರುತ್ತದೆ ಎಂಬುದಕ್ಕೆ ಅವರ ಬದುಕೇ ಒಂದು ನಿದರ್ಶನ.

ಅಲ್ಲಿಂದ ಮುಂದೆ 48 ಎಂಬುದು ಸಂಖ್ಯೆಯಾಗಿ ಉಳಿಯದೆ ಸಂಪ್ರದಾಯವಾಯಿತು. ಅನಂತರದ ಸಂಶೋಧಕರೂ ಎಣಿಸಿದರು, 48ನ್ನೇ ಕಂಡರು. ಇದು ನಡೆದದ್ದು ಹೇಗೆ ಎಂಬುದನ್ನು ಕಡತಗಳ ನಡುವೆ ಬದುಕುವ ನಮ್ಮಂಥವರು ಬೇಗ ಅರ್ಥ ಮಾಡಿಕೊಳ್ಳಬಲ್ಲೆವು. ಲೆಕ್ಕ ತಾಳೆಯಾಗದಿದ್ದರೆ ಮತ್ತೆ ಮತ್ತೆ ಕೂಡಿ ನೋಡುತ್ತೇವೆ; ತಾಳೆಯಾದ ಕ್ಷಣವೇ ಲೇಖನಿಯನ್ನು ಕೆಳಗಿಡುತ್ತೇವೆ. ತಾಳೆಯಾದ ಲೆಕ್ಕದಲ್ಲೂ ತಪ್ಪಿರಬಹುದೆಂದು ಯಾರೂ ಮರುಪರಿಶೀಲಿಸುವುದಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕುಳಿತವರ ಸ್ಥಿತಿಯೂ ಇದೇ. 46 ಬಂದರೆ ಎರಡು ಎಲ್ಲೋ ಅಡಗಿವೆ ಎಂದು ಹುಡುಕುತ್ತಾರೆ. ಬಾಗಿದ ಒಂದು ತಂತುವನ್ನು ಎರಡೆಂದು ಓದಲು ಮನಸ್ಸು ಸಿದ್ಧವಾಗಿರುತ್ತದೆ. 48 ಬಂದರೆ ಹುಡುಕಾಟ ನಿಲ್ಲುತ್ತದೆ. ಮೋಸವಿಲ್ಲ, ಸೋಮಾರಿತನವೂ ಇಲ್ಲ. ಪರಿಶೀಲನೆ ಒಂದು ಕಡೆಗೆ ಮಾತ್ರ ಹರಿಯುತ್ತದೆ, ಅಷ್ಟೆ. ಹಾಗೆ ಹರಿದ ಪರಿಶೀಲನೆ ಎಷ್ಟು ಹೆಚ್ಚಾದರೂ ತಪ್ಪನ್ನು ತಿದ್ದದು. ಅದನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ.

ತಪ್ಪಿಗೆ ಬೆಲೆಯೂ ಇತ್ತು. ಡೌನ್ ಸಿಂಡ್ರೋಮ್ ಎಂದು ನಾವಿಂದು ಕರೆಯುವ ಸ್ಥಿತಿಗೆ ವರ್ಣತಂತುಗಳ ಸಂಖ್ಯೆಯೇ ಕಾರಣವಿರಬಹುದೆಂಬ ಊಹೆ 1930ರ ದಶಕದಿಂದಲೇ ಇತ್ತು. 1952ರಲ್ಲಿ ಲಂಡನ್ನಿನ ಉರ್ಸುಲಾ ಮಿಟ್ವಾಕ್ ಆ ಸ್ಥಿತಿಯಿದ್ದ ಒಬ್ಬ ವ್ಯಕ್ತಿಯ ಕೋಶಗಳನ್ನು ಪರೀಕ್ಷಿಸಿ, ವರ್ಣತಂತುಗಳು 24 ಜೋಡಿ, ಅಂದರೆ ಎಲ್ಲರಲ್ಲಿ ಇರುವಷ್ಟೇ, ಎಂಬ ತೀರ್ಮಾನಕ್ಕೆ ಬಂದರು. ಪ್ರಶ್ನೆ ಸರಿಯಾಗಿತ್ತು, ಪರೀಕ್ಷಿಸಿದ ವ್ಯಕ್ತಿಯೂ ಸರಿಯಾದವರೇ. ಆದರೆ ಹೋಲಿಸಲು ಇಟ್ಟುಕೊಂಡ ಅಳತೆಗೋಲೇ ವಕ್ರವಾಗಿದ್ದಾಗ ವ್ಯತ್ಯಾಸ ಗೋಚರಿಸುವುದಾದರೂ ಹೇಗೆ? ಉತ್ತರಕ್ಕೆ ಇನ್ನೂ ಏಳು ವರ್ಷ ಕಾಯಬೇಕಾಯಿತು.

ಬದಲಾವಣೆ ಬಂದದ್ದು ತಂತ್ರದ ದಾರಿಯಿಂದ. ಚೀನಾದಿಂದ ಟೆಕ್ಸಾಸಿಗೆ ಬಂದಿದ್ದ ಟಿ. ಸಿ. ಹ್ಸು ಎಂಬ ಯುವ ವಿಜ್ಞಾನಿ ಗಾಲ್ವೆಸ್ಟನ್ನಿನ ಪ್ರಯೋಗಾಲಯದಲ್ಲಿ ಮನುಷ್ಯನ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುತ್ತಿದ್ದರು. ಒಂದು ದಿನ ಅವರ ಸ್ಲೈಡುಗಳಲ್ಲಿ ವರ್ಣತಂತುಗಳು ಎಂದೂ ಇಲ್ಲದಂತೆ ಬಿಡಿಬಿಡಿಯಾಗಿ ಹರಡಿಕೊಂಡು ಕಂಡವು. ಮತ್ತೆ ಮಾಡಲು ಹೋದರೆ ಹಾಗೆ ಬರಲಿಲ್ಲ. ತಿಂಗಳುಗಟ್ಟಲೆ ಒಂದೊಂದೇ ಅಂಶವನ್ನು ಬದಲಿಸಿ ನೋಡಿದ ಮೇಲೆ ಗುಟ್ಟು ತಿಳಿಯಿತು. ಕೋಶಗಳನ್ನು ತೊಳೆಯುವ ಉಪ್ಪಿನ ದ್ರಾವಣವನ್ನು ಯಾರೋ ತಪ್ಪಾಗಿ ತಯಾರಿಸಿದ್ದರು, ಉಪ್ಪು ಕಡಿಮೆಯಾಗಿತ್ತು. ತೆಳು ದ್ರಾವಣದಿಂದ ನೀರು ಕೋಶದೊಳಕ್ಕೆ ನುಗ್ಗಿ, ಕೋಶ ಉಬ್ಬಿ, ಒತ್ತೊತ್ತಾಗಿದ್ದ ತಂತುಗಳು ದೂರ ಸರಿದಿದ್ದವು. ನೀರಲ್ಲಿ ನೆನೆಸಿದ ಕಡಲೆ ಉಬ್ಬುವುದನ್ನು ಕಂಡವರಿಗೆ ಈ ತತ್ತ್ವ ಹೊಸದಲ್ಲ. 1952ರಲ್ಲಿ ಹ್ಸು ಇದನ್ನು ಪ್ರಕಟಿಸಿದರು. ಅದುವರೆಗಿನವರಿಗಿಂತ ಎಷ್ಟೋ ಸ್ಪಷ್ಟವಾದ ಚಿತ್ರಗಳು ಅವರ ಮುಂದಿದ್ದವು. ಅವುಗಳನ್ನು ನೋಡಿ ಅವರು ಬರೆದ ಸಂಖ್ಯೆ ಮಾತ್ರ ಅದೇ 48.

ಈ ಇತಿಹಾಸದಲ್ಲಿ ನಮ್ಮನ್ನು ಹೆಚ್ಚು ಕಾಡುವ ಘಟ್ಟ ಇದು. ಮಬ್ಬಾದ ಚಿತ್ರವನ್ನು ತಪ್ಪಾಗಿ ಓದಿದರೆ ಚಿತ್ರವನ್ನು ದೂರಬಹುದು. ಚಿತ್ರ ತಿಳಿಯಾದ ಮೇಲೂ ಓದು ಬದಲಾಗಲಿಲ್ಲವೆಂದರೆ, ತೊಂದರೆ ಗಾಜಿನ ಆಚೆ ಇರಲಿಲ್ಲ.

ಹ್ಸು ಅವರ ದ್ರಾವಣದ ಜೊತೆಗೆ ಸೇರಬೇಕಾದ ಇನ್ನೊಂದು ತಂತ್ರ ಸಸ್ಯವಿಜ್ಞಾನಿಗಳ ಬಳಿ ಇತ್ತು. ಕೋಲ್ಚಿಸಿನ್ ಎಂಬ ಸಸ್ಯಜನ್ಯ ವಿಷವು ಕೋಶವಿಭಜನೆಯನ್ನು ನಡುವಿನಲ್ಲೇ ತಡೆದು ನಿಲ್ಲಿಸುತ್ತದೆ. ತಂತುಗಳು ಚೆನ್ನಾಗಿ ಕಾಣುವ ಹಂತದಲ್ಲೇ ಹೆಚ್ಚು ಕೋಶಗಳು ಕೈಗೆ ಸಿಗುತ್ತವೆ. ಯುರೋಪಿನ ಕೋಲ್ಚಿಕಮ್ ಗಿಡದಿಂದ ಹೆಸರು ಪಡೆದ ಈ ವಸ್ತು ನಮ್ಮ ಅಗ್ನಿಶಿಖೆಯಲ್ಲೂ ಇದೆ. ಚೆನ್ನೈಯ ಓದುಗರು ಅದನ್ನು ಸೆಂಗಾಂದಳ್ ಎಂದು, ತಮಿಳುನಾಡಿನ ರಾಜ್ಯಪುಷ್ಪವೆಂದು ಬಲ್ಲರು. ಸ್ವೀಡನ್ನಿನ ಲುಂಡ್ ನಗರದ ಆಲ್ಬರ್ಟ್ ಲೆವಾನ್ 1938ರಲ್ಲೇ ಈರುಳ್ಳಿಯ ಬೇರಿನ ಮೇಲೆ ಕೋಲ್ಚಿಸಿನ್ನಿನ ಪರಿಣಾಮವನ್ನು ಅಭ್ಯಸಿಸಿದ್ದರು.

ಲೆವಾನ್ ಅವರ ಪ್ರಯೋಗಾಲಯಕ್ಕೆ ರಜೆಯ ದಿನಗಳಲ್ಲಿ ಬಂದು ಕೆಲಸ ಮಾಡುತ್ತಿದ್ದವರು ಜೋ ಹಿನ್ ಚಿಯೊ. 1919ರಲ್ಲಿ ಜಾವಾ ದ್ವೀಪದ ಚೀನೀ ಮನೆತನದಲ್ಲಿ ಹುಟ್ಟಿ, ಕೃಷಿವಿಜ್ಞಾನ ಓದಿ, ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿ ಮೂರು ವರ್ಷ ಕಳೆದು, ಯುರೋಪಿಗೆ ಬಂದು ಸ್ಪೇನಿನ ಸರಗೋಸಾದಲ್ಲಿ ಸಸ್ಯಗಳ ವರ್ಣತಂತುಗಳನ್ನು ಅಭ್ಯಸಿಸುತ್ತಿದ್ದವರು. ಮನುಷ್ಯನ ವರ್ಣತಂತುಗಳ ಪರಂಪರೆಗೆ ಅವರು ಹೊರಗಿನವರು. 1955ರ ಡಿಸೆಂಬರ್ 22ರ ನಡುರಾತ್ರಿ ಕಳೆದ ಹೊತ್ತಿನಲ್ಲಿ, ಭ್ರೂಣದ ಶ್ವಾಸಕೋಶದಿಂದ ಬೆಳೆಸಿದ ಕೋಶಗಳನ್ನು ನೋಡುತ್ತ ಅವರು ಎಣಿಸಿದರು. 46. ಮತ್ತೊಂದು ಕೋಶ: 46. ಕೋಲ್ಚಿಸಿನ್, ಉಪ್ಪು ಕಡಿಮೆಯಾದ ದ್ರಾವಣ, ಗಾಜಿನ ಹೊದಿಕೆಯನ್ನು ಒತ್ತಿ ಕೋಶವನ್ನು ಚಪ್ಪಟೆಗೊಳಿಸುವ ಸಸ್ಯವಿಜ್ಞಾನಿಗಳ ಕೈಚಳಕ ಮೂರೂ ಒಟ್ಟುಗೂಡಿದ್ದವು. ಚಿತ್ರಗಳನ್ನು ಅವರು ಕೈಯಿಂದ ಬರೆಯದೆ ಛಾಯಾಚಿತ್ರಗಳಾಗಿ ತೆಗೆದರು. ಹೀಗಾಗಿ ಓದುಗನೂ ತಾನೇ ಎಣಿಸಿಕೊಳ್ಳಬಹುದಾಗಿತ್ತು.

ಚಿಯೊ ಮತ್ತು ಲೆವಾನ್ 1956ರಲ್ಲಿ ಪ್ರಕಟಿಸಿದ ಲೇಖನ ಆರೇ ಪುಟಗಳದ್ದು. ಇನ್ನೂರಕ್ಕೂ ಹೆಚ್ಚು ಕೋಶಗಳನ್ನು ಎಣಿಸಿದ್ದರೂ ಅವರ ಧ್ವನಿ ಸಂಯಮದ್ದು. ಮನುಷ್ಯರೆಲ್ಲರಿಗೂ ಇದೇ ಸಂಖ್ಯೆ ಎಂದು ಘೋಷಿಸಲು ಅವರು ಮುಂದಾಗಲಿಲ್ಲ. ಆ ಲೇಖನದಲ್ಲಿ ಒಂದು ಸಣ್ಣ ಮಾಹಿತಿಯಿದೆ. ಹಿಂದಿನ ವರ್ಷದ ವಸಂತದಲ್ಲಿ ಸ್ವೀಡನ್ನಿನಲ್ಲೇ ಇವಾ ಹಾನ್ಸೆನ್-ಮೆಲಾಂಡರ್ ಮತ್ತು ಅವರ ಸಂಗಡಿಗರು ಭ್ರೂಣದ ಯಕೃತ್ತಿನ ಕೋಶಗಳನ್ನು ಎಣಿಸಲು ತೊಡಗಿದ್ದರು. ಅವರಿಗೂ ಮತ್ತೆ ಮತ್ತೆ 46 ಬಂತು. 48 ತಂತುಗಳೂ ಸಿಗಲಿಲ್ಲವೆಂಬ ಕಾರಣಕ್ಕೆ ಅವರು ಆ ಅಧ್ಯಯನವನ್ನು ಸದ್ಯಕ್ಕೆ ನಿಲ್ಲಿಸಿದರು. ಸತ್ಯ ಕಣ್ಣೆದುರೇ ಪದೇ ಪದೇ ಬಂದು ನಿಂತಾಗ, ಅದನ್ನು ತಮ್ಮ ವಿಧಾನದ ದೋಷವೆಂದು ತಿಳಿದವರು ಅವರು. ಅವರ ಬಗ್ಗೆ ನಗು ಬರುವುದಿಲ್ಲ. ಇಡೀ ಜಗತ್ತು ಒಂದು ಸಂಖ್ಯೆಯನ್ನು ಹೇಳುತ್ತಿರುವಾಗ ತನ್ನ ಕಣ್ಣನ್ನು ಅನುಮಾನಿಸುವುದು ವಿನಯದ ಲಕ್ಷಣವೂ ಹೌದು. ಆ ವಿನಯವನ್ನು ಯಾವಾಗ ಬಿಡಬೇಕು ಎಂಬುದೇ ಕಷ್ಟದ ಪ್ರಶ್ನೆ. 1956ರಲ್ಲೇ ಇಂಗ್ಲೆಂಡಿನ ಫೋರ್ಡ್ ಮತ್ತು ಹ್ಯಾಮರ್ಟನ್ ವೃಷಣದ ಕೋಶಗಳಲ್ಲಿ 23 ಜೋಡಿಗಳನ್ನು ಕಂಡು ಹೊಸ ಸಂಖ್ಯೆಯನ್ನು ದೃಢಪಡಿಸಿದರು. ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್‌ಗಳಿಗೆ ನಿಜವಾಗಿಯೂ 48 ಇವೆ. ನಮ್ಮ ವಂಶದಲ್ಲಿ ಎರಡು ತಂತುಗಳು ಎಂದೋ ಬೆಸೆದುಕೊಂಡು ಒಂದಾದವು ಎಂಬುದು ಆಮೇಲೆ ತಿಳಿಯಿತು.

ಅಳತೆಗೋಲು ನೇರವಾದ ಮೂರೇ ವರ್ಷಗಳಲ್ಲಿ ಹಳೆಯ ಪ್ರಶ್ನೆಗೆ ಉತ್ತರ ಬಂತು. ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ವೈದ್ಯೆ ಮಾರ್ತ್ ಗೋತಿಯೆ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಅಂಗಾಂಶವನ್ನು ಬೆಳೆಸಿ, ಎಣಿಸಿ, 47 ತಂತುಗಳನ್ನು ಕಂಡರು. ಅವರ ಸೂಕ್ಷ್ಮದರ್ಶಕಕ್ಕೆ ಛಾಯಾಚಿತ್ರ ತೆಗೆಯುವ ಸೌಲಭ್ಯವಿರಲಿಲ್ಲ. ಸಹೋದ್ಯೋಗಿ ಜೆರೋಮ್ ಲೆಜನ್ ಚಿತ್ರ ತೆಗೆಸಲು ಸ್ಲೈಡುಗಳನ್ನು ಒಯ್ದರು. 1959ರ ಜನವರಿಯಲ್ಲಿ ಲೇಖನ ಹೊರಬಂದಾಗ ಮೊದಲ ಹೆಸರು ಲೆಜನ್ ಅವರದು. ಗೋತಿಯೆಯವರ ಹೆಸರಿನ ಕಾಗುಣಿತವೇ ತಪ್ಪಾಗಿ ಅಚ್ಚಾಗಿತ್ತು. 2014ರಲ್ಲಿ ಫ್ರಾನ್ಸಿನ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನೀತಿ ಸಮಿತಿಯು, ಆ ಶೋಧದ ಆರಂಭದಲ್ಲಿ ಲೆಜನ್ ಅವರ ಪಾತ್ರ ಪ್ರಧಾನವಾಗಿರಲಾರದು ಎಂಬ ಅಭಿಪ್ರಾಯ ಕೊಟ್ಟಿತು. ಕಂಡವರು ಯಾರು, ತೋರಿಸಿದವರು ಯಾರು ಎಂಬುದು ಹೀಗೆ ಬೇರೆ ಬೇರೆಯಾದೀತು. ಚಿತ್ರವೇ ಸಾಕ್ಷಿಯಾಗುವ ವಿಜ್ಞಾನದಲ್ಲಿ ಕ್ಯಾಮೆರಾ ಯಾರ ಕೈಯಲ್ಲಿದೆ ಎಂಬುದು ಸಣ್ಣ ಮಾತಲ್ಲ.

ಮುಂದಿನ ಕಾಲ ಕತ್ತರಿ ಮತ್ತು ಅಂಟಿನದು. ಛಾಯಾಚಿತ್ರದಿಂದ ಒಂದೊಂದು ತಂತುವನ್ನೂ ಕತ್ತರಿಸಿ, ಉದ್ದದ ಕ್ರಮದಲ್ಲಿ ಜೋಡಿಸಿ ಹಾಳೆಗೆ ಅಂಟಿಸುತ್ತಿದ್ದರು. ಅವುಗಳಿಗೆ ಸಂಖ್ಯೆ ಕೊಡುವ ಪದ್ಧತಿಯನ್ನು 1960ರ ಡೆನ್ವರ್ ಸಭೆ ಒಪ್ಪಿಕೊಂಡಿತು. 1970ರ ಹೊತ್ತಿಗೆ ಸ್ಟಾಕ್‌ಹೋಮಿನ ಕ್ಯಾಸ್ಪರ್ಸನ್ ತಂಡ ಹೊಳೆಯುವ ಬಣ್ಣದಿಂದ ತಂತುಗಳ ಪಟ್ಟೆಗಳನ್ನು ತೋರಿಸಿದಾಗ, 21ನೆಯದೆಂದು ಕರೆದದ್ದು ನಿಜಕ್ಕೂ 22ನೆಯದಕ್ಕಿಂತ ಚಿಕ್ಕದೆಂದು ತಿಳಿಯಿತು. ಡೌನ್ ಸಿಂಡ್ರೋಮಿನೊಡನೆ ‘21’ ಆಗಲೇ ಬೆಸೆದುಹೋಗಿದ್ದರಿಂದ ಹೆಸರನ್ನು ಹಾಗೆಯೇ ಉಳಿಸಿಕೊಂಡರು. ಇದು ತಿಳಿದೂ ಉಳಿಸಿಕೊಂಡ ತಪ್ಪು. ಇಂಥ ತಪ್ಪಿನಿಂದ ಯಾರಿಗೂ ಹಾನಿಯಿಲ್ಲ. ಅದೇ 1970ರಲ್ಲಿ, ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೊಗಳುವ ನಮ್ಮ ಕಾಡುಕುರಿಯ ಸರದಿ ಬಂತು. ಅದರ ಹತ್ತಿರದ ಬಂಧುವಾದ ಚೀನಾದ ಕಾಡುಕುರಿಗೆ ವರ್ಣತಂತುಗಳು 46. ಭಾರತದ ಹೆಣ್ಣಿಗೆ 6, ಗಂಡಿಗೆ 7 ಎಂದು ವುರ್ಸ್ಟರ್ ಮತ್ತು ಬೆನಿರ್ಷ್ಕೆ ಪ್ರಕಟಿಸಿದರು. ಎಣಿಸಿದ್ದಕ್ಕೂ ಎಣಿಕೆಗೂ ಇಷ್ಟು ಅಂತರವಿದ್ದರೂ, ಕಂಡದ್ದನ್ನು ಕಂಡಂತೆ ಬರೆಯುವ ಧೈರ್ಯ ಅಷ್ಟರಲ್ಲಿ ಆ ವಿಜ್ಞಾನಕ್ಕೆ ಬಂದಿತ್ತು.

ಎಣಿಕೆಯನ್ನು ಯಂತ್ರಕ್ಕೆ ಒಪ್ಪಿಸುವ ಯತ್ನವೂ ಹಳೆಯದೇ. 1960ರ ದಶಕದಲ್ಲೇ ರಾಬರ್ಟ್ ಲೆಡ್ಲಿ ವರ್ಣತಂತುಗಳ ಛಾಯಾಚಿತ್ರಗಳನ್ನು ಕಂಪ್ಯೂಟರಿನಿಂದ ಓದಿಸಲು ಹೊರಟಿದ್ದರು. 1997ರಲ್ಲಿ ವೇಯ್ನ್ ರಾಸ್‌ಬಾಂಡ್ ಉಚಿತವಾಗಿ ಹಂಚಿದ ಇಮೇಜ್‌ಜೆ ತಂತ್ರಾಂಶ ಇಂದು ಪ್ರಯೋಗಾಲಯಗಳ ಮನೆಮಾತು. 2015ರಲ್ಲಿ ಜರ್ಮನಿಯಿಂದ ಬಂದ ಯು-ನೆಟ್ ಎಂಬ ಕೃತಕ ನರಜಾಲ ಕೋಶಗಳ ಅಂಚುಗಳನ್ನು ತಾನೇ ಗುರುತಿಸುತ್ತದೆ. ಯಂತ್ರಕ್ಕೆ ಆಯಾಸವಿಲ್ಲ, ಪೂರ್ವಗ್ರಹವಿಲ್ಲ ಎಂದು ನಾವು ನೆಮ್ಮದಿಯಿಂದ ಇರಬಹುದೇ? ಇಂಥ ಯಂತ್ರ ಕಲಿಯುವುದು ಮನುಷ್ಯರು ಗುರುತು ಹಾಕಿಕೊಟ್ಟ ಚಿತ್ರಗಳಿಂದ. 1923ರ ತಜ್ಞರು ಗುರುತಿಸಿದ ಚಿತ್ರಗಳನ್ನು ಅದಕ್ಕೆ ಪಾಠವಾಗಿ ಕೊಟ್ಟಿದ್ದರೆ, ಅದು ಬೇಸರಿಸದೆ, ಮಿಂಚಿನ ವೇಗದಲ್ಲಿ, ಲಕ್ಷಗಟ್ಟಲೆ ಕೋಶಗಳಲ್ಲಿ 48ನ್ನು ಕಾಣುತ್ತಿತ್ತು. ಗುರುವಿನ ಎಣಿಕೆ ಶಿಷ್ಯನಿಗೆ ಬಳುವಳಿಯಾಗಿ ಬರುತ್ತದೆ. ಶಿಷ್ಯ ಯಂತ್ರವಾದರೆ ಪ್ರಶ್ನಿಸುವ ಒಂದು ಕಣ್ಣು ಕಡಿಮೆಯಾಗುತ್ತದೆ.

ಆದ್ದರಿಂದಲೇ ಜೀವವಿಜ್ಞಾನಿಗಳು ನಿಧಾನವಾಗಿ ಕೆಲವು ಕಟ್ಟುಪಾಡುಗಳನ್ನು ರೂಢಿಸಿಕೊಂಡರು. ಯಾವ ಸ್ಲೈಡು ಯಾರದೆಂದು ಎಣಿಸುವವರಿಗೆ ತಿಳಿಯದಂತೆ ಗುಪ್ತ ಸಂಖ್ಯೆ ಅಂಟಿಸುವುದು, ಇಬ್ಬರು ಪರಸ್ಪರ ಕೇಳದೆ ಎಣಿಸುವುದು, ಯಾವ ಕೋಶಗಳನ್ನು ಬಿಡಬೇಕೆಂಬ ನಿಯಮವನ್ನು ನೋಡುವ ಮೊದಲೇ ಬರೆದಿಡುವುದು, ಮೂಲ ಚಿತ್ರವನ್ನು ಇತರರಿಗೂ ಒದಗಿಸುವುದು. ಇವು ಮೋಸಗಾರರಿಗಾಗಿ ಮಾಡಿದ ನಿಯಮಗಳಲ್ಲ, ಪ್ರಾಮಾಣಿಕರಿಗಾಗಿ ಮಾಡಿದವು. ಮೋಸದ ಪ್ರಶ್ನೆ ಬೇರೆಯೇ ಇದೆ. ಎಲಿಸಬೆತ್ ಬಿಕ್ ಮತ್ತು ಸಂಗಡಿಗರು 20,621 ಸಂಶೋಧನಾ ಲೇಖನಗಳ ಚಿತ್ರಗಳನ್ನು ಪರಿಶೀಲಿಸಿ, 3.8 ಶೇಕಡಾ ಲೇಖನಗಳಲ್ಲಿ ಒಂದೇ ಚಿತ್ರವನ್ನು ಅನುಚಿತವಾಗಿ ಮತ್ತೆ ಬಳಸಿರುವುದನ್ನು 2016ರಲ್ಲಿ ವರದಿ ಮಾಡಿದರು. ಆ ಪರಿಶೀಲನೆ ಮುಖ್ಯವಾಗಿ ನಡೆದದ್ದು ಬರಿಗಣ್ಣಿನಿಂದ ಎಂಬುದು ಗಮನಾರ್ಹ. ಮೋಸಹೋಗುವ ಕಣ್ಣೇ ಮೋಸವನ್ನು ಹಿಡಿಯುವ ಕಣ್ಣೂ ಆಗಿದೆ.

ಇಂದು ಮುಂಬಯಿಯಲ್ಲಾಗಲಿ ಹೈದರಾಬಾದಿನಲ್ಲಾಗಲಿ, ಮಗುವಿನ ನಿರೀಕ್ಷೆಯಲ್ಲಿರುವ ದಂಪತಿಗಳ ಕೈಗೆ ಕೆಲವೊಮ್ಮೆ ಒಂದು ವರದಿ ಬರುತ್ತದೆ. ಅದರಲ್ಲಿ 46 ಎಂದಿದ್ದರೆ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. 47 ಎಂದಿದ್ದರೆ ಬದುಕು ಬೇರೆ ದಾರಿ ಹಿಡಿಯುತ್ತದೆ. ಸಾಮಾನ್ಯವಾಗಿ 20 ಕೋಶಗಳನ್ನಾದರೂ ಎಣಿಸಿಯೇ ಆ ಸಂಖ್ಯೆಯನ್ನು ಬರೆಯುವ ರೂಢಿಯಿದೆ. ಆ ವರದಿಗೆ ಅರ್ಥ ಬಂದದ್ದು, ಎರಡು ತಂತುಗಳು ಕಾಣುತ್ತಿಲ್ಲವೆಂದು ಹುಡುಕುವುದನ್ನು ಬಿಟ್ಟು, ಅವು ಇಲ್ಲವೇ ಇಲ್ಲ ಎಂದು ಬರೆಯಲು ಒಪ್ಪಿದ ದಿನದಿಂದ.